ಮುಪ್ಪಾದ ಗಾಳಿರೆಕ್ಕೆ ನಮ್ಮ ತೋಡಿಗೆ ಕಾಲುಸಂಕವಾದೀತೇ?

ಉದ್ದನೆಯ ಟ್ರೇಲರ್ ಮೇಲೆ ಮಲಗಿದ ಬಿಳಿ ರೆಕ್ಕೆ ಪಡುಬಿದ್ರಿಯವರಿಗೆ ಹೊಸ ನೋಟವಲ್ಲ. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರದ ರೆಕ್ಕೆ ತಯಾರಾಗುವ ಊರು ಅದು. ಮುಪ್ಪಾದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ಮಾತ್ರ ಈಚಿನದು.

1986ರಲ್ಲಿ ತೂತ್ತುಕುಡಿ, ಓಖಾ, ರತ್ನಗಿರಿ ಕಡಲತೀರಗಳಲ್ಲಿ ಪುಟ್ಟ ಯಂತ್ರಗಳು ನಿಂತವು. ಮುಂದೆ ಚಿತ್ರದುರ್ಗ, ಗದಗದ ಗುಡ್ಡಗಳೂ ತುಂಬಿದವು. ಯಂತ್ರದ ಆಯುಸ್ಸು 20–25 ವರ್ಷ. ಕಳಚಿದಾಗ ಉಕ್ಕು, ತಾಮ್ರ ಗುಜರಿಗೆ ಹೋಗುತ್ತವೆ, ರೆಕ್ಕೆ ಉಳಿದುಬಿಡುತ್ತದೆ.

ಯಾಕೆಂದು ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವವರಿಗೆ ವಿವರಿಸಬೇಕಿಲ್ಲ. ಗಾಜಿನ ಎಳೆಯ ಮ್ಯಾಟ್ ಹಾಸಿ, ರೆಸಿನ್ ಎಂಬ ಅಂಟುದ್ರವ ಸವರಿ, ಒಮ್ಮೆ ಗಟ್ಟಿಯಾಯಿತೆಂದರೆ ಮತ್ತೆ ಕರಗದು. ರೆಕ್ಕೆಯೂ ಬಹುಪಾಲು ಅದೇ, ಒಳಗೆ ಬಾಲ್ಸಾ ಮರ ಅಥವಾ ಫೋಮ್ ಇರುತ್ತದೆ. ಅಮೆರಿಕದ ವಯೋಮಿಂಗ್‌ನಲ್ಲಿ ಇವನ್ನು ತುಂಡರಿಸಿ ಸಾಲಾಗಿ ಹೂತರು. ಜರ್ಮನಿಯಲ್ಲಿ ಸಿಮೆಂಟ್ ಗೂಡಿಗೆ ಹಾಕುತ್ತಾರೆ. ಅಲ್ಲಿ ರೆಸಿನ್ ಉರುವಲಾಗುತ್ತದೆ, ಗಾಜಿನ ಸಿಲಿಕಾ ಸಿಮೆಂಟಿನಲ್ಲೇ ಸೇರುತ್ತದೆ. ಹೂಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಇಪ್ಪತ್ತು ವರ್ಷ ಬಿರುಗಾಳಿಗೆ ಬಾಗಿಯೂ ಮುರಿಯದ ವಸ್ತುವನ್ನು ಪುಡಿಮಾಡಿ ಸುಡಲು ಮನಸ್ಸು ಒಪ್ಪುವುದಿಲ್ಲ.

ಹಾಗೆ ಒಪ್ಪದವರು ಬೇರೆಡೆಯೂ ಇದ್ದಾರೆ. 2022ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ, ಹಳೆಯ ರೈಲುಹಾದಿಯನ್ನು ನಡೆದಾರಿಯಾಗಿಸುವಾಗ, ಎರಡು ರೆಕ್ಕೆಗಳನ್ನೇ ತೊಲೆಗಳಾಗಿಟ್ಟು ಸೇತುವೆ ಕೂರಿಸಿದರು. ಅದಕ್ಕೂ ಮುಂಚೆ ಪೋಲೆಂಡಿನಲ್ಲಿ ಇಂಥದೇ ಕಾಲುಸೇತುವೆ ಬಂದಿತ್ತು.

ಆ ಚಿತ್ರ ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಕಾಲುಸಂಕಗಳು, ಅಂದರೆ ತೋಡು (ಸಣ್ಣ ಹಳ್ಳ) ದಾಟುವ ಕಿರುಸೇತುವೆಗಳು. ಬೈಂದೂರು, ಬೆಳ್ತಂಗಡಿ, ಸುಳ್ಯದ ಕಡೆ ಇಂದಿಗೂ ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ ಸಂಕದ ಮೇಲೆ ಮಕ್ಕಳು ಬ್ಯಾಗು ಹೊತ್ತು ಶಾಲೆಗೆ ಹೋಗುತ್ತಾರೆ. ಆಟಿ ತಿಂಗಳ ಜಡಿಮಳೆಗೆ ತೋಡು ಕೆಂಪಾಗಿ ಉಕ್ಕುವಾಗ ತಾಯಂದಿರು ದಡದಲ್ಲಿ ನಿಂತು ಕಾಯುತ್ತಾರೆ. ಅಡಿಕೆ ಮರ ಮಳೆಗೆ ಕುಂಬಾಗುತ್ತದೆ, ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಫೈಬರಿಗೆ ಎರಡೂ ಇಲ್ಲ.

ತೊಡಕುಗಳು ಸಣ್ಣವಲ್ಲ. ಪ್ರತಿ ರೆಕ್ಕೆಯ ಒಳರಚನೆ ಬೇರೆ. ಸಿಡಿಲು ಬಡಿದದ್ದೋ, ಒಳಗೆ ಪದರ ಬಿಟ್ಟದ್ದೋ, ಪರೀಕ್ಷಿಸದೆ ಹೇಳಲಾಗದು. ಕೊಯ್ಯುವಾಗ ಏಳುವ ಗಾಜಿನ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಅಪಾಯ, ನೀರು ಹಾಯಿಸಿಯೇ ಕೊಯ್ಯಬೇಕು. ಇಡೀ ರೆಕ್ಕೆ ಚಾರ್ಮಾಡಿಯ ತಿರುವು ಇಳಿಯದು, ಗುಡ್ಡದಲ್ಲೇ ತುಂಡು ಮಾಡಿದರೆ ಮಾಮೂಲಿ ಲಾರಿ ಸಾಕು.

ಹಳೆ ಮನೆ ಕೆಡವಿದರೆ ಹಂಚು, ಪಕ್ಕಾಸು, ಬಾಗಿಲು ಎಲ್ಲಕ್ಕೂ ಗಿರಾಕಿ ಇರುವ ಊರು ನಮ್ಮದು. ಮರುಬಳಕೆ ಯಾರೂ ಕಲಿಸಬೇಕಾದ್ದಲ್ಲ. ಆದರೆ ಸರಕಾರಿ ದರಪಟ್ಟಿಯಲ್ಲಿ ಹೆಸರಿಲ್ಲದ ವಸ್ತುವಿಗೆ ಎಂಜಿನಿಯರ್ ಎಸ್ಟಿಮೇಟ್ ಬರೆಯುವುದು ಕಷ್ಟ. ಮೊದಲು ಒಂದೇ ಒಂದು ತುಂಡನ್ನು ಬೇಸಿಗೆಯ ಒಣ ತೋಡಿಗೆ ಅಡ್ಡ ಇಟ್ಟು, ಮರಳಿನ ಚೀಲ ಹೇರಿ, ಎಷ್ಟು ಬಾಗುತ್ತದೆಂದು ಅಳೆದು ಬರೆದಿಡಬೇಕು.