ಎಲ್‌ಸಿ50ಕ್ಕಿಂತ ಕಡಿಮೆ ಇದ್ದರೆ ಮೀನಿಗೆ ಕ್ಷೇಮವೇ?

‘ವರದಿಯಾಗ ಎಲ್‌ಸಿ50 ಲೀಟರಿಗೆ 5 ಮಿಲಿಗ್ರಾಂ ಅಂತ ಬಂದದ. ನಮ್ಮ ನೀರಾಗ 4 ಇದ್ರ ನಡೀತದಲ್ರೀ?’ ರಾಸಾಯನಿಕಗಳನ್ನು ಮೀನಿನ ಮೇಲೆ ಪರೀಕ್ಷಿಸಿ ನಾವು ಕೊಡುವ ವರದಿ ಓದಿ ರಾಯಚೂರಿನ ಕಾರ್ಖಾನೆಯವರು ಕೇಳುವುದೂ ಇದನ್ನೇ, ಸಿಂಧನೂರು ಕಡೆಯ ಔಷಧಿ ಅಂಗಡಿಯವರು ಕೇಳುವುದೂ ಇದನ್ನೇ. ನಡೆಯುವುದಿಲ್ಲ. ಎಷ್ಟು ಸಲ ಹೇಳಿದರೂ ಮುಂದಿನ ವರದಿ ಹೋದಾಗ ಅದೇ ಪ್ರಶ್ನೆ ಬರುತ್ತದೆ. ಅದಕ್ಕೇ ಈ ಸಲ ಲೆಕ್ಕ ಬಿಡಿಸಿಯೇ ಬರೆಯುತ್ತೇನೆ.

ಐದು ತೊಟ್ಟಿಗಳಲ್ಲಿ ಲೀಟರಿಗೆ 1, 2, 4, 8, 16 ಮಿಲಿಗ್ರಾಂ ರಾಸಾಯನಿಕ ಬೆರೆಸಿ, ಒಂದೊಂದರಲ್ಲಿ ಹತ್ತು ಮೀನು ಬಿಟ್ಟೆವು ಎನ್ನಿ. ಹೋಲಿಕೆಗೆಂದು ಏನೂ ಬೆರೆಸದ ಆರನೆಯ ತೊಟ್ಟಿಯೂ ಪಕ್ಕದಲ್ಲಿರುತ್ತದೆ. 96 ಗಂಟೆ ಕಳೆದ ಮೇಲೆ ಎಣಿಸಿದಾಗ ಕ್ರಮವಾಗಿ 0, 1, 4, 7, 10 ಮೀನು ಸತ್ತಿದ್ದವು. ಅರ್ಧದಷ್ಟು ಮೀನು ಸಾಯುವ ಪ್ರಮಾಣ 4 ಮತ್ತು 8ರ ನಡುವೆ ಎಲ್ಲೋ ಇದೆ. ಲೆಕ್ಕ ಹಾಕಿದರೆ ಸುಮಾರು 5 ಬರುತ್ತದೆ. ವರದಿಯಲ್ಲಿ ಎಲ್‌ಸಿ50 ಎಂದು ಬರೆಯುವುದು ಈ 5ನ್ನು.

ಈಗ 4ರ ತೊಟ್ಟಿ ನೋಡಿ. 5ಕ್ಕಿಂತ ಕಡಿಮೆಯೇ ಇತ್ತು, ಆದರೂ ಹತ್ತರಲ್ಲಿ ನಾಲ್ಕು ಸತ್ತವು. 2ರಲ್ಲೂ ಒಂದು ಹೋಯಿತು. 5 ಎಂಬುದು ಮೀನು ಸಾಯಲು ಶುರುವಾಗುವ ಗೆರೆ ಅಲ್ಲ, ಅಷ್ಟರಲ್ಲಿ ಅರ್ಧ ಸಂಸಾರವೇ ಮುಗಿದಿರುತ್ತದೆ.

ಉಳಿದವು ಚೆನ್ನಾಗಿದ್ದವು ಎಂದೂ ತಿಳಿಯಬೇಡಿ. ಕಿವಿರಿನ ಬಡಿತ ನಿಂತು, ಬಾಲದ ಬುಡ ಮುಟ್ಟಿದರೂ ಅಲುಗಾಡದಿದ್ದರೆ ಮಾತ್ರ ನಾವು ಸತ್ತಿದೆ ಎಂದು ಬರೆಯುವುದು. ಮೇಲೆ ಬಂದು ಬಾಯಿ ತೆರೆದು ಒದ್ದಾಡುವ ಮೀನು, ಓರೆಯಾಗಿ ತೇಲುವ ಮೀನು, ಗೋಡೆಗೆ ಹೋಗಿ ಹೋಗಿ ಡಿಕ್ಕಿ ಹೊಡೆಯುವ ಮೀನು ಎಲ್ಲವೂ ಆ ಲೆಕ್ಕದಲ್ಲಿ ಬದುಕಿದವೇ. ಆ ಲಕ್ಷಣಗಳನ್ನು ವರದಿಯಲ್ಲಿ ಬೇರೆಯಾಗಿ ಬರೆದಿರುತ್ತೇವೆ, ದಯವಿಟ್ಟು ಆ ಪುಟವನ್ನೂ ಓದಿ. ನಾಲ್ಕು ದಿನದ ಪರೀಕ್ಷೆಗೆ ಐದನೆಯ ದಿನದ ಸುದ್ದಿ ಗೊತ್ತಿರುವುದಿಲ್ಲ. ಮೊಟ್ಟೆ, ಮರಿ, ಬೆಳವಣಿಗೆಯ ಸುದ್ದಿಯಂತೂ ದೂರದ ಮಾತು.

ಹಾಗಾದರೆ ಎಷ್ಟಿದ್ದರೆ ಸುರಕ್ಷಿತ? ಈ ಒಂದೇ ಪರೀಕ್ಷೆಯಿಂದ ನಾನು ಹೇಳಲಾರೆ. ಯುರೋಪಿನ ರಾಸಾಯನಿಕ ನಿಯಮಗಳಲ್ಲಿ ಮೀನು, ನೀರುಚಿಗಟ (ನೀರಿನಲ್ಲಿರುವ ಒಂದು ಸಣ್ಣ ಜೀವಿ), ಪಾಚಿ ಮೂರರ ಅಲ್ಪಾವಧಿ ಪರೀಕ್ಷೆ ಮಾಡಿ, ಅತಿ ಕಡಿಮೆ ಬಂದ ಅಂಕಿಯನ್ನು 1000ದಿಂದ ಭಾಗಿಸುವ ರೂಢಿಯಿದೆ. ನಮ್ಮ 5ಕ್ಕೆ ಹಾಗೆ ಮಾಡಿದರೆ 0.005. ನೀವು ಕೇಳಿದ 4 ಎಲ್ಲಿ, ಇದು ಎಲ್ಲಿ! ಇನ್ನು ಕಾರ್ಖಾನೆಯ ತ್ಯಾಜ್ಯನೀರಿಗೆ ನಮ್ಮ ದೇಶದ ಪರಿಸರ ನಿಯಮದಲ್ಲಿ ಇರುವುದು ಬೇರೆಯೇ ಪರೀಕ್ಷೆ: ಒಂದು ಹನಿಯೂ ಬೇರೆ ನೀರು ಬೆರೆಸದ ತ್ಯಾಜ್ಯನೀರಿನಲ್ಲಿ 96 ಗಂಟೆಯ ನಂತರ ನೂರಕ್ಕೆ 90 ಮೀನು ಬದುಕಿರಬೇಕು. ಎರಡನ್ನೂ ಕಲಸಬೇಡಿ.

ಸಿಂಧನೂರು ಹತ್ತಿರದ ಕ್ಯಾಂಪೊಂದರಿಂದ ಒಬ್ಬ ರೈತರು ಬಂದಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಅಂಗೈ ಉದ್ದದ ಎರಡು ರೋಹು ಮರಿ, ಇನ್ನೊಂದು ಕೈಯಲ್ಲಿ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕದ ಡಬ್ಬಿ. ಭತ್ತಕ್ಕೆ ಎಣ್ಣಿ ಹೊಡೆದ ಮರುದಿನ ಗದ್ದೆಯ ಬಸಿನೀರು ಹೊಂಡಕ್ಕೆ ಇಳಿದಿತ್ತು. ‘ಕೆಂಪು ತ್ರಿಕೋನ ಇದ್ದಿಲ್ರೀ ಮೇಡಂ, ನೋಡೇ ತಗೊಂಡಿದ್ದೆ’ ಅಂದರು. ಪಾಪ, ನೋಡಿದ್ದು ನಿಜ. ಆದರೆ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ನಿರ್ಧಾರವಾಗುವುದು ಆ ವಿಷ ಹೊಟ್ಟೆಗೆ ಹೋದರೆ ಅಥವಾ ಚರ್ಮಕ್ಕೆ ತಗುಲಿದರೆ ಎಷ್ಟು ಅಪಾಯ ಎಂಬುದರ ಮೇಲೆ, ಇಲಿಗಳಂಥ ಪ್ರಾಣಿಗಳಲ್ಲಿ ಮಾಡಿದ ಪರೀಕ್ಷೆಯಿಂದ. ಮೀನಿನ ಬಗ್ಗೆ ಆ ಬಣ್ಣ ಏನನ್ನೂ ಹೇಳುವುದಿಲ್ಲ. ಸೈಪರ್‌ಮೆಥ್ರಿನ್‌ನ ಎಲ್‌ಸಿ50 ಎಷ್ಟೋ ಜಾತಿಯ ಮೀನುಗಳಿಗೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ ಎಂದು ನೆನಪಿಟ್ಟುಕೊಂಡು ಓದಿ.

ಅವರ ಮೀನು ಅದರಿಂದಲೇ ಸತ್ತವು ಎಂದು ನಾನು ಬರೆದುಕೊಡಲಿಲ್ಲ. ನಸುಕಿನಲ್ಲಿ ಹೊಂಡದ ಆಮ್ಲಜನಕ ಇಳಿದರೂ ಮೀನು ಸಾಯುತ್ತವೆ, ನಮ್ಮ ಬೇಸಿಗೆಯಲ್ಲಿ ಕಾದ ನೀರಿನಲ್ಲಿ ಅದು ಮೊದಲೇ ಕಡಿಮೆ. ಪರೀಕ್ಷೆಯ ತೊಟ್ಟಿಯಲ್ಲಾದರೆ ಆಮ್ಲಜನಕ, ಉಷ್ಣತೆ ಎಲ್ಲ ಕಾಯ್ದುಕೊಂಡಿರುತ್ತೇವೆ. ಹೊಂಡದ ಮೀನಿಗೆ ಆ ಸೌಕರ್ಯವಿಲ್ಲ, ಹಾಗಾಗಿ ವರದಿಯ ಅಂಕಿಗಿಂತ ಕಡಿಮೆಯಲ್ಲೇ ಅದು ಸೋಲಬಹುದು.

ಮೀನು ಸತ್ತಾಗ ನನ್ನ ಬಳಿ ಬರುವವರು ಕೊಳೆತ ಮೀನಿಗಿಂತ ಮೊದಲು ನೀರು ತನ್ನಿ. ಗಾಜಿನ ಬಾಟಲಿಯಲ್ಲೇ ತುಂಬಿ, ಸೈಪರ್‌ಮೆಥ್ರಿನ್ ಜಾತಿಯ ಔಷಧಿ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಬಾಟಲಿಯನ್ನು ಐಸಿನಲ್ಲಿಟ್ಟು ಅದೇ ದಿನ ಮುಟ್ಟಿಸಿ. ಯಾವ ಔಷಧಿ, ಯಾವ ದಿನ, ಎಷ್ಟು ಹೊತ್ತಿಗೆ ಹೊಡೆದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ.