ಸೈಟು ಮಾರಲು ರೈಲು ಕೊಂಡವರು

ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ಇಂದಿನ ರೂಪ ಕೊಟ್ಟ ವ್ಯಾನ್ ಸ್ವೇರಿಂಜನ್ ಸೋದರರ ಬಗ್ಗೆ ಹೇಳುವವರು ಸಾಮಾನ್ಯವಾಗಿ ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ಅದೃಷ್ಟ ಖುಲಾಯಿಸಿ ಮೇಲೆದ್ದರು, 1929ರಲ್ಲಿ ಷೇರುಪೇಟೆ ಕುಸಿದು ಗ್ರಹಚಾರ ಕೆಟ್ಟು ಬಿದ್ದರು. ಈ ಗ್ರಹಚಾರದ ಮಾತನ್ನು ಒಪ್ಪಲಾಗದು. ಅವರು ಏರಿದ್ದೂ ಬಿದ್ದದ್ದೂ ಒಂದೇ ಲೆಕ್ಕದಿಂದ. ಕೂಡುವುದು ಕಳೆಯುವುದು ಬಲ್ಲವರು ಅದನ್ನು ಅರ್ಧ ಹಾಳೆಯಲ್ಲಿ ಮಾಡಿ ನೋಡಬಹುದು.

ಅಣ್ಣ ಓರಿಸ್ (1879–1936), ತಮ್ಮ ಮ್ಯಾಂಟಿಸ್ (1881–1935). ಇಬ್ಬರೂ ಮದುವೆಯಾಗಲಿಲ್ಲ, ಕೊನೆಯವರೆಗೂ ಒಂದೇ ಮನೆಯಲ್ಲಿ ಬಾಳಿದರು. ಅವರ ಕಣ್ಣು ಬಿದ್ದದ್ದು ನಗರದ ಪೂರ್ವಕ್ಕಿದ್ದ ಎತ್ತರದ ಬಯಲಿನ ಮೇಲೆ. ಅದು ಶೇಕರ್ ಎಂಬ ಕ್ರೈಸ್ತ ಪಂಥದವರ ಜಮೀನು. ಬ್ರಹ್ಮಚರ್ಯವೇ ಅವರ ನಿಯಮವಾದ್ದರಿಂದ ಅಲ್ಲಿ ಮಕ್ಕಳು ಹುಟ್ಟುತ್ತಿರಲಿಲ್ಲ, ಹೊರಗಿನಿಂದ ಸೇರುವವರೂ ಕಡಿಮೆಯಾಗುತ್ತಾ ಬಂದು 1889ರಲ್ಲಿ ಆ ನೆಲೆಯೇ ಮುಚ್ಚಿತು. ಅಲ್ಲಿ ಎದ್ದ ಬಡಾವಣೆಯೇ ಶೇಕರ್ ಹೈಟ್ಸ್. ತಿರುವಿನ ರಸ್ತೆಗಳು, ಮನೆಮುಂದೆ ಇಷ್ಟೇ ಅಂಗಳ ಬಿಡಬೇಕೆಂಬ ಕಟ್ಟಳೆ, ನಕ್ಷೆಗೆ ಕಂಪನಿಯ ಒಪ್ಪಿಗೆ, ಎಲ್ಲವೂ ಅಚ್ಚುಕಟ್ಟು. ಆದರೆ 1920ರ ದಶಕದಲ್ಲಿ ಕ್ರಯಪತ್ರಕ್ಕೆ ಇನ್ನೊಂದು ಷರತ್ತು ಸೇರಿತು: ಮನೆ ಮರುಮಾರಾಟಕ್ಕೆ ಕಂಪನಿಯದೋ ಅಕ್ಕಪಕ್ಕದವರದೋ ಒಪ್ಪಿಗೆ ಬೇಕು. ಕರಿಯರನ್ನೂ ಯಹೂದಿಗಳನ್ನೂ ಹೊರಗಿಡಲು ಬಳಕೆಯಾದ ಷರತ್ತು ಅದು. ಈ ಕಳಂಕವನ್ನು ಬಿಟ್ಟು ಆ ಊರಿನ ಚೆಲುವನ್ನಷ್ಟೇ ಹೊಗಳುವುದು ಸರಿಯಲ್ಲ.

ಇರಲಿ, ರೈಲಿಗೆ ಬರೋಣ. ಸೈಟಿನ ಬೆಲೆ ನಿರ್ಧಾರವಾಗುವುದು ಮೈಲಿಗಳಿಂದಲ್ಲ, ನಿಮಿಷಗಳಿಂದ. ಬೀದಿ ನಡುವೆ ಗಾಡಿಗಳ ಜೊತೆ ತೆವಳುವ ಟ್ರಾಮು ಇರುವತನಕ ಗುಡ್ಡದ ಮೇಲಿನ ಸೈಟು ದೂರದ್ದೇ. ಅಡ್ಡರಸ್ತೆಗಳ ಕಾಟವಿಲ್ಲದೆ ಇಳಿಯಲು ಇದ್ದ ಒಳ್ಳೆಯ ದಾರಿಯೆಂದರೆ ಕಿಂಗ್ಸ್‌ಬರಿ ರನ್ ಎಂಬ ಹಳ್ಳದ ಕೊರಕಲು. ಅದರಲ್ಲಿ ಆಗಲೇ ನಿಕಲ್ ಪ್ಲೇಟ್ ರೈಲ್ವೆಯ ಹಳಿ ಇತ್ತು. ನಿಕಲ್ ಪ್ಲೇಟ್‌ನ ಒಡೆಯ ನ್ಯೂಯಾರ್ಕ್ ಸೆಂಟ್ರಲ್ ಕಂಪನಿ, ಏಕಸ್ವಾಮ್ಯ ತಡೆ ಕಾನೂನಿಗೆ ಅಂಜಿ ಅದನ್ನು ಕೈಬಿಡಲು ನೋಡುತ್ತಿತ್ತು. 1916ರಲ್ಲಿ ಸೋದರರು ಇಡೀ ರೈಲ್ವೆಯನ್ನೇ ಕೊಂಡರು. ಬೇಕಿದ್ದದ್ದು ಕೆಲವೇ ಮೈಲಿ, ಕೊಂಡದ್ದು ಬಫಲೊದಿಂದ ಶಿಕಾಗೊವರೆಗೆ 523 ಮೈಲಿ! ಬೆಲೆ 85 ಲಕ್ಷ ಡಾಲರ್. 20 ಲಕ್ಷ ಮುಂಗಡ, ಉಳಿದದ್ದು ತಲಾ ಆರೂವರೆ ಲಕ್ಷದ ಹತ್ತು ಕಂತು. 1920ರ ಏಪ್ರಿಲ್‌ನಲ್ಲಿ ಶೇಕರ್ ಹೈಟ್ಸ್‌ನ ವಿದ್ಯುತ್ ರೈಲು ಆ ಕೊರಕಲಲ್ಲಿ ಇಳಿಯತೊಡಗಿತು.

ನಗರದೊಳಗೆ ಆ ಹಳಿ ಮುಟ್ಟುವ ಜಾಗದಲ್ಲೇ ಅವರು ಯೂನಿಯನ್ ಟರ್ಮಿನಲ್ ಕಟ್ಟಿದರು. ಮೇಲೆ 52 ಅಂತಸ್ತಿನ, 708 ಅಡಿಯ ಟರ್ಮಿನಲ್ ಟವರ್, ಅಡಿಯಲ್ಲಿ ನಿಲ್ದಾಣ. ಉಗಿಬಂಡಿಯ ಹೊಗೆ ಕಟ್ಟಡಗಳ ಕೆಳಗೆ ತುಂಬಿಕೊಂಡರೆ ಮೇಲೆ ಯಾರೂ ಕೂರಲಾಗದು. ಅದಕ್ಕೆ ಉಪಾಯ: ದೂರದಿಂದ ಬಂದ ರೈಲು ಪೂರ್ವದಲ್ಲಿ ಕಾಲಿನ್‌ವುಡ್‌ನಲ್ಲಿ, ಪಶ್ಚಿಮದಲ್ಲಿ ಲಿನ್‌ಡೇಲ್‌ನಲ್ಲಿ ನಿಲ್ಲುತ್ತಿತ್ತು, ಉಗಿ ಎಂಜಿನ್ ಕಳಚಿ, 3,000 ವೋಲ್ಟ್ ನೇರ ವಿದ್ಯುತ್ತಿನ ಎಂಜಿನ್ ಜೋಡಿಸಿ ಒಳಗೆ ತರುತ್ತಿದ್ದರು. ಇನ್ನೊಂದು ತುದಿಯಲ್ಲಿ ಮತ್ತೆ ಅದಲುಬದಲು. ಈ ಕೆಲಸಕ್ಕೆಂದೇ 22 ವಿದ್ಯುತ್ ಎಂಜಿನ್‌ಗಳಿದ್ದವು.

ಇಷ್ಟಕ್ಕೆಲ್ಲ ದುಡ್ಡು? ಇಲ್ಲಿದೆ ನೋಡಿ ಆ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ.

1,600 ಡಾಲರ್ ಬಾಳುವ ಒಂದು ರೈಲ್ವೆ. ಅರ್ಧ ಬಂಡವಾಳ ಶೇ. 5 ಬಡ್ಡಿಯ ಸಾಲಪತ್ರ, ಉಳಿದ 800 ಷೇರು. ಸಾಲ ಕೊಟ್ಟವರಿಗೆ ಮತವಿಲ್ಲ. ಷೇರಿನಲ್ಲಿ ಅರ್ಧ, ಅಂದರೆ 400 ಇದ್ದರೆ ಹಿಡಿತ ನಿಮ್ಮದು. ಆ 400ನ್ನು ಕೊಳ್ಳಲು ಒಂದು ಹೋಲ್ಡಿಂಗ್ ಕಂಪನಿ, ಅಂದರೆ ಬೇರೆ ಕಂಪನಿಯ ಷೇರು ಹಿಡಿದಿಡುವುದೇ ಕೆಲಸವಾದ ಕಂಪನಿ, ತೆರೆಯಿರಿ: 200 ಸಾಲಪತ್ರ, 200 ಷೇರು. ಅದರ ಹಿಡಿತಕ್ಕೆ 100 ಸಾಕು. ಆ 100ಕ್ಕೆ ಮೇಲೊಂದು ಕಂಪನಿ: 50 ಸಾಲ, 50 ಷೇರು. ಈಗ 25 ಡಾಲರ್ ಇದ್ದವನು 1,600ರ ರೈಲ್ವೆಗೆ ಯಜಮಾನ. ಉದ್ದದ ಹಾರೆಯಿಂದ ಬಂಡೆ ಮೀಟಿದಂತೆ. ಇಲ್ಲಿ ಒಂದು ಹಾರೆಯ ತುದಿಗೆ ಇನ್ನೊಂದು ಹಾರೆ ಕಟ್ಟಿದೆ.

ರೈಲ್ವೆ ಶೇ. 6 ಗಳಿಸಿತೆನ್ನಿ: 96. ಬಡ್ಡಿ 40 ಹೋಗಿ 56 ಉಳಿಯಿತು, ಅರ್ಧ 28 ಮೇಲಕ್ಕೆ. ಅಲ್ಲಿ ಬಡ್ಡಿ 10 ಕಳೆದರೆ 18, ಅದರರ್ಧ 9 ಇನ್ನೂ ಮೇಲಕ್ಕೆ. ಅಲ್ಲಿ ಬಡ್ಡಿ ಎರಡೂವರೆ. 50ರ ಷೇರಿಗೆ ಆರೂವರೆ ಉಳಿಯಿತು, ಅಂದರೆ ಶೇ. 13. ಕೆಳಗೆ ಆರು, ತುದಿಯಲ್ಲಿ ಹದಿಮೂರು!

ಈಗ ಗಳಿಕೆ ಶೇ. 4ಕ್ಕೆ ಇಳಿಯಲಿ: 64. ರೈಲ್ವೆಗೆ ಬಡ್ಡಿ ಕಳೆದು 24 ಲಾಭವಿದೆ, ಅದು ಗಟ್ಟಿಯಾಗಿಯೇ ಓಡುತ್ತಿದೆ. ಮೇಲಕ್ಕೆ 12, ಬಡ್ಡಿ 10, ಉಳಿದದ್ದು 2. ತುದಿಗೆ ಬಂದದ್ದು 1 ಡಾಲರ್, ಕಟ್ಟಬೇಕಾದ ಬಡ್ಡಿ ಎರಡೂವರೆ. ತುದಿಯ ಕಂಪನಿ ದಿವಾಳಿ.

ಬಡ್ಡಿದರವಾದ ಐದಕ್ಕಿಂತ ಒಂದು ಹೆಚ್ಚಾದರೆ ಆ ಅಂತರ ಪ್ರತಿ ಮೆಟ್ಟಿಲಲ್ಲೂ ಇಮ್ಮಡಿ: 6, 7, 9, 13. ಒಂದು ಕಡಿಮೆಯಾದರೂ ಅದೇ ಇಮ್ಮಡಿ: 4, 3, 1, ಆಮೇಲೆ ಸೊನ್ನೆಗಿಂತ ಮೂರು ಕೆಳಗೆ. ಗಾಳಿಗೆ ಅಡಿಕೆ ಮರದ ಬುಡ ಅಲುಗಿದ್ದು ಕಾಣುವುದೇ ಇಲ್ಲ. ಗೊನೆ ಕೊಯ್ಯಲು ತುದಿಯಲ್ಲಿರುವವನು ಮಾತ್ರ ಮಾರುದ್ದ ತೂಗುತ್ತಾನೆ.

ಸೋದರರು ಹೀಗೆ ಒಂದರ ಮೇಲೊಂದು ಪೇರಿಸಿದ ಕಂಪನಿಗಳ ಗೋಪುರ ಇದಕ್ಕಿಂತ ಜಟಿಲ. ಚೆಸಪೀಕ್ ಅಂಡ್ ಓಹಾಯೊ, ಈರಿ, ಪೇರ್ ಮಾರ್ಕೆಟ್, ಮಿಸೌರಿ ಪೆಸಿಫಿಕ್ ಎಂಬ ರೈಲ್ವೆಗಳೆಲ್ಲವೂ ಅದರ ಬುಡದಲ್ಲಿದ್ದವು. 1929ರಲ್ಲಿ ಅವರು ತೆರೆದ ಅಲಿಗೇನಿ ಕಾರ್ಪೊರೇಷನ್ ಎಂಬ ಹೋಲ್ಡಿಂಗ್ ಕಂಪನಿಯ ಸಾಲಪತ್ರಗಳಲ್ಲಿ ಇನ್ನೊಂದು ಕುಣಿಕೆಯೂ ಇತ್ತು: ಅಡವಿಟ್ಟ ಷೇರುಗಳ ಪೇಟೆಬೆಲೆ ಸಾಲದ ಒಂದೂವರೆ ಪಟ್ಟು ಇರಲೇಬೇಕು. ಬೆಲೆ ಇಳಿದಂತೆ ಹೆಚ್ಚು ಷೇರು ಅಡವಿಡಬೇಕು, ಅದಕ್ಕೆ ಹೊಸ ಸಾಲ ಬೇಕು. 1930ರಲ್ಲಿ ಮಾರ್ಗನ್ ಬ್ಯಾಂಕಿನ ಮುಂದಾಳತ್ವದಲ್ಲಿ ಸುಮಾರು 4 ಕೋಟಿ ಡಾಲರ್ ಸಾಲ ತಂದರು. 1929ರಿಂದ 1932ರ ನಡುವೆ ಅಮೆರಿಕದ ರೈಲ್ವೆಗಳ ವರಮಾನ ಸರಿಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಉದಾಹರಣೆಯಲ್ಲಿ ಮೂರನೇ ಒಂದು ಪಾಲು ಗಳಿಕೆ ಇಳಿದದ್ದಕ್ಕೇ ತುದಿ ಮುರಿದಿತ್ತು.

1935ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಅಡವಿಟ್ಟದ್ದೆಲ್ಲ ಹರಾಜಾಯಿತು. ಸಿಕ್ಕಿದ್ದು 31,21,000 ಡಾಲರ್. ಕೊಂಡ ಕಂಪನಿಯ ಹಿಂದಿದ್ದವರಲ್ಲಿ ಪ್ರಮುಖ, ಉಪ್ಪಿನಕಾಯಿ–ಜಾಮು ಹಾಕಿಡುವ ಗಾಜಿನ ಭರಣಿ ತಯಾರಿಸುತ್ತಿದ್ದ ಜಾರ್ಜ್ ಬಾಲ್. ಆ ಡಿಸೆಂಬರಿನಲ್ಲಿ ಮ್ಯಾಂಟಿಸ್ ತೀರಿಕೊಂಡ. ಮರುವರ್ಷ ನವೆಂಬರಿನಲ್ಲಿ ಓರಿಸ್, ರೈಲಿನಲ್ಲೇ.

ಕಾಗದದ ಗೋಪುರ ಬಿದ್ದರೂ ಬುಡದ ಹಳಿಗೆ ಏನೂ ಆಗಲಿಲ್ಲ. ಡೀಸೆಲ್ ಬಂದ ಮೇಲೆ, 1953ರಲ್ಲಿ, 3,000 ವೋಲ್ಟಿನ ವ್ಯವಸ್ಥೆ ನಿಂತಿತು. ಶೇಕರ್ ಹೈಟ್ಸ್‌ನ ರೈಲು ಮಾತ್ರ ಈಗಲೂ ನೀಲಿ, ಹಸಿರು ಮಾರ್ಗಗಳೆಂಬ ಹೆಸರಿನಲ್ಲಿ ಗುಡ್ಡ ಇಳಿದು ಟವರಿನ ಕೆಳಗೆ ಬಂದು ನಿಲ್ಲುತ್ತದೆ.