ಬಯಲಿಗೆ ಕಾಲಿಡದ ಇಲಿ

ಇಲಿಗೆ ಆತಂಕ ಆಗಿದೆ ಅಂತ ಗೊತ್ತಾಗೋದು ಹೇಗೆ? ಅದನ್ನು ಕೇಳೋಕಂತೂ ಆಗಲ್ಲ. ಅದಕ್ಕೇ ಲ್ಯಾಬಿನಲ್ಲಿ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ, ಕೂಡುವ ಚಿಹ್ನೆಯ ಆಕಾರದ ಒಂದು ಹಲಗೆ ಇಡುತ್ತೇವೆ. ಎದುರುಬದುರಿನ ಎರಡು ತೋಳುಗಳಿಗೆ ಗೋಡೆ ಇರುತ್ತದೆ, ಉಳಿದೆರಡು ಬಯಲು. ನಡುವೆ ಇಲಿ ಬಿಟ್ಟು 5 ನಿಮಿಷ ನೋಡುತ್ತೇವೆ. ಅದು ಹಿಂಗಾಲನ್ನು ಗೋಡೆಯ ಮರೆಯಲ್ಲೇ ಊರಿ, ಮೈ ಉದ್ದ ಮಾಡಿ, ಬಯಲಿನ ಕಡೆ ಮೂತಿ ಚಾಚಿ ಮೂಸುತ್ತದೆ. ಥಟ್ಟನೆ ಹಿಂದೆ ಸರಿಯುತ್ತದೆ. ಕುತೂಹಲವೂ ಇದೆ, ಭಯವೂ ಇದೆ.

ಇದರಲ್ಲಿ ಯಾವುದು ಗೆಲ್ಲಬೇಕು ಅನ್ನೋದರಲ್ಲಿ ಪೆಪ್ಟೈಡ್‌ಗಳ ಕೈವಾಡ ಇದೆ. ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳಿವು. ಹೆಚ್ಚು ಹೆಸರು ಮಾಡಿದ್ದು ಸಿಆರ್‌ಎಫ್, ಅಂದರೆ ಕಾರ್ಟಿಕೊಟ್ರೋಪಿನ್ ರಿಲೀಸಿಂಗ್ ಫ್ಯಾಕ್ಟರ್. 1981ರಲ್ಲಿ ವಿಜ್ಞಾನಿ ವೈಲಿ ವೇಲ್ ತಂಡ ಕುರಿಯ ಮಿದುಳಿನ ಹೈಪೊಥಲಾಮಸ್ ಅನ್ನೋ ಭಾಗದಿಂದ ಇದನ್ನು ಬೇರ್ಪಡಿಸಿ, 41 ಅಮೈನೋ ಆಮ್ಲಗಳ ಸಾಲನ್ನು ಪ್ರಕಟಿಸಿತು. ಇದು ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯೂಟರಿ ಎಸಿಟಿಎಚ್ ಅನ್ನೋ ಹಾರ್ಮೋನ್ ಬಿಡುತ್ತದೆ, ಆಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಒತ್ತಡದ ಹಾರ್ಮೋನ್ ಬರುತ್ತದೆ. ನಮ್ಮಲ್ಲಿ ಕಾರ್ಟಿಸಾಲ್, ಇಲಿಯಲ್ಲಿ ಕಾರ್ಟಿಕೊಸ್ಟೆರಾನ್.

ಆದರೆ ಕಥೆ ಅಷ್ಟೇ ಅಲ್ಲ. ಪಿಟ್ಯೂಟರಿ ತೆಗೆದ ಇಲಿಯ ಮಿದುಳಿಗೆ ಸಿಆರ್‌ಎಫ್ ಹಾಕಿದರೂ ಅದರ ವರ್ತನೆ ಬದಲಾಗುತ್ತದೆ. ಅಂದರೆ ಹಾರ್ಮೋನಿನ ದಾರಿ ಹಿಡಿಯದೆ, ಭಯದ ಜೊತೆ ನಂಟಿರುವ ಅಮಿಗ್ಡಲದಂಥ ಮಿದುಳಿನ ಜಾಗಗಳಲ್ಲಿ ಅದು ನೇರವಾಗಿಯೂ ಕೆಲಸ ಮಾಡುತ್ತದೆ. ಒತ್ತಡ ಅಂದ ಕೂಡಲೇ ಕಾರ್ಟಿಸಾಲ್ ಒಂದನ್ನೇ ಬೈಯುವವರಿಗೆ ನಾನು ಹೇಳೋದು ಇದನ್ನೇ.

ಆತಂಕ ಹೆಚ್ಚಿಸುವ ಸಿಆರ್‌ಎಫ್‌ಗೆ ಎದುರಾಗಿ ನಿಲ್ಲೋದು ನ್ಯೂರೊಪೆಪ್ಟೈಡ್ ವೈ. 36 ಅಮೈನೋ ಆಮ್ಲಗಳ ಇದು 1982ರಲ್ಲಿ ಹಂದಿಯ ಮಿದುಳಿನಲ್ಲಿ ಸಿಕ್ಕಿತು. ಇಲಿಯ ಮಿದುಳಿಗೆ ಇದನ್ನು ಕೊಟ್ಟರೆ ಅದು ಬಯಲಿನ ತೋಳಿನಲ್ಲಿ ಜಾಸ್ತಿ ಹೊತ್ತು ಓಡಾಡುತ್ತದೆ. ಇಲ್ಲೂ ಒಂದು ತೊಡಕಿದೆ. ಈ ಪೆಪ್ಟೈಡ್ ಅಂಟಿಕೊಳ್ಳೋದು ನರಕೋಶದ ಮೇಲಿನ ಗ್ರಾಹಕ ಅನ್ನೋ ಪ್ರೋಟೀನುಗಳಿಗೆ. ವೈ1 ಗ್ರಾಹಕಕ್ಕೆ ಅಂಟಿದರೆ ಆತಂಕ ಇಳಿಯುತ್ತದೆ. ವೈ2 ಗ್ರಾಹಕ ಹೆಚ್ಚಾಗಿ ಈ ಪೆಪ್ಟೈಡನ್ನು ಬಿಡುವ ನರತುದಿಯಲ್ಲೇ ಇದ್ದು, ಬಿಡುಗಡೆಯನ್ನೇ ತಗ್ಗಿಸುತ್ತದೆ. ಹಾಗಾಗಿ ಪರಿಣಾಮ ಉಲ್ಟಾ ಆಗಬಹುದು.

ಇನ್ನೊಂದು ಎಚ್ಚರ ಬೇಕು. ಇಲಿ ಬಯಲಿಗೆ ಬರಲಿಲ್ಲ ಅಂದರೆ ಹೆದರಿದೆ ಅಂತಲೇ ಅಲ್ಲ, ಸುಮ್ನೆ ಮಂಕಾಗಿರಬಹುದು. ಅದಕ್ಕೆ ಗೋಡೆಯಿರುವ ತೋಳಿಗೆ ಎಷ್ಟು ಸಲ ಹೋಗಿಬಂತು ಅಂತಲೂ ಎಣಿಸುತ್ತೇವೆ.

ಸಿಆರ್‌ಎಫ್ ಅಂಟುವ ಸಿಆರ್‌ಎಫ್1 ಗ್ರಾಹಕವನ್ನು ತಡೆಯುವ ಔಷಧಿಗಳು ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಜನರ ಆತಂಕ, ಖಿನ್ನತೆಯ ಮೇಲೆ ಪರೀಕ್ಷಿಸಿದಾಗ ಹೆಚ್ಚಿನವು ನಿರಾಸೆ ಮಾಡಿದವು. ನನಗೆ ಇದು ಅಚ್ಚರಿ ಅನ್ನಿಸಲ್ಲ. ಹಲಗೆಯ ಮೇಲೆ ನಾವು ಅಳೆದದ್ದು ಆ ಕ್ಷಣದ ಹಿಂಜರಿಕೆ. ಡಾಕ್ಟರ ಹತ್ತಿರ ಬರುವವರದ್ದು ತಿಂಗಳುಗಟ್ಟಲೆ ಬಿಡದ ಚಿಂತೆ ಅಲ್ವಾ?